ಒಂದೇ ಟೇಕಮ್ಮ

ಪೋಸ್ಟರುಗಳ ಮೇಲೆ ಅವಳಿಗೆ ಬೇರೆ ಹೆಸರಿತ್ತು. ಅದೂ ಹುಟ್ಟಿದಾಗ ಇಟ್ಟದ್ದಲ್ಲ, ಮೊದಲ ಚಿತ್ರದ ನಿರ್ಮಾಪಕ ಹುಡುಕಿ ಅಂಟಿಸಿದ್ದು. ಸ್ಟುಡಿಯೋದ ಒಳಗೆ ಮಾತ್ರ, ಲೈಟು ಹೊರುವವರಿಂದ ಹಿಡಿದು ಕ್ಯಾಮೆರಾದವನವರೆಗೆ ಎಲ್ಲರಿಗೂ ಅವಳು ಒಂದೇ ಟೇಕಮ್ಮ. ಬೇರೆ ನಟಿಯರು ಒಂದು ಮಾತಿಗೆ ನಾಲ್ಕು ಸಲ ತಡವರಿಸಿ, ಮೇಕಪ್ಪಿನವನ ಮೇಲೆ ರೇಗಿ, ನೀರು ಕುಡಿದು, ಮತ್ತೆ ಶುರು ಮಾಡುವ ಹೊತ್ತಿಗೆ ಇವಳು ಸೀಮೆಸುಣ್ಣದ ಗುರುತಿನ ಮೇಲೆ ನಿಂತು, ಮಾತು ಒಪ್ಪಿಸಿ, ಮುಗೀತಲ್ಲ ಎನ್ನುವ ಹಾಗೆ ನಿರ್ದೇಶಕನ ಮುಖ ನೋಡುತ್ತಿದ್ದಳು. ಕ್ಯಾಮೆರಾಕ್ಕೆ ಹಾಕುವ ಫಿಲ್ಮಿಗೆ ಬರಗಾಲ ಇದ್ದ ದಿನಗಳು ಅವು. ನಿರ್ಮಾಪಕರು ಅವಳ ಮನೆ ಬಾಗಿಲಿಗೆ ಬರುತ್ತಿದ್ದದ್ದು ಅರ್ಧ ಅವಳ ಮುಖಕ್ಕಾಗಿ, ಇನ್ನರ್ಧ ಉಳಿಯುವ ಫಿಲ್ಮಿಗಾಗಿ. ‘ಇನ್ನೊಂದು ಟೇಕ್’ ಎಂದು ಅವಳು ತಾನಾಗಿ ಕೇಳಿದ್ದನ್ನು ಕಂಡವರು ಇಡೀ ಸ್ಟುಡಿಯೋದಲ್ಲಿ ಒಬ್ಬರೂ ಇರಲಿಲ್ಲ.

ಇದರ ಹಿಂದೆ ಮಾಯಮಂತ್ರ ಏನೂ ಇರಲಿಲ್ಲ. ಅವಳಿಗೆ ಸರಿಯಾಗಿ ಓದಲು ಬರುತ್ತಿರಲಿಲ್ಲ, ಅಷ್ಟೆ. ಅಕ್ಷರ ಕೂಡಿಸಿ ಒಂದು ಸಾಲು ಮುಗಿಸುವಷ್ಟರಲ್ಲಿ ಸಾಲಿನ ಮೊದಲ ಪದ ಮರೆತುಹೋಗುತ್ತಿತ್ತು. ಹಾಗಾಗಿ ಹಿಂದಿನ ದಿನವೇ ಮನೆಗೆ ಹಾಳೆ ತರಿಸಿಕೊಂಡು, ಯಾರಾದರೂ ಓದಿ ಹೇಳಿದ್ದನ್ನು ಕಿವಿಯಲ್ಲಿ ತುಂಬಿಕೊಳ್ಳುತ್ತಿದ್ದಳು. ಅವಳ ಮಾತು, ಎದುರಿನವರ ಮಾತು, ಎರಡೂ. ಎದುರಿನವರ ಮಾತಿನ ಕೊನೆ ಪದ ಕಿವಿಗೆ ಬಿದ್ದರೆ ಸಾಕು, ಅವಳ ಮಾತು ತಾನಾಗಿ ಬಾಯಿಗೆ ಬರುತ್ತಿತ್ತು. ಮೊದಮೊದಲು ಓದುತ್ತಿದ್ದವಳು ಅವಳ ತಾಯಿ. ಆಮೇಲೆ ಆ ಕೆಲಸ ಮನೆಯ ಚಿಕ್ಕವಳಾದ ಬೊಗಸೆಗೆ ಬಂತು. ಎಂಟು ವರ್ಷದ ಹುಡುಗಿ ಕಾಲು ನೀಡಿ ಕೂತು, ಒಂದು ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡು, “ಪ್ರಿಯೆ, ನೀನಿಲ್ಲದೆ ನಾನು ಬದುಕಿರಲಾರೆ” ಎಂದು ಮಗ್ಗಿ ಒಪ್ಪಿಸುವ ಹಾಗೆ ಓದುತ್ತಿದ್ದಳು. ಇವಳು ಆ ಮಾತಿಗೆ ನಾಚಿ, ತಲೆ ತಗ್ಗಿಸಿ, ಉತ್ತರ ಕೊಡುತ್ತಿದ್ದಳು. ನಾಯಕ, ಖಳನಾಯಕ, ಮಾವ, ಪೊಲೀಸಿನವ, ಎಲ್ಲರೂ ಆ ಮನೆಯಲ್ಲಿ ಬೊಗಸೆಯೇ.

ಬೊಗಸೆ ಅವಳ ತಂಗಿ. ಹಾಗೆಂದು ಊರಿಗೆಲ್ಲ ಗೊತ್ತು, ಬೊಗಸೆಗೂ ಗೊತ್ತು. ನಿಜ ಏನೆಂದರೆ ಬೊಗಸೆ ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು.

ಅವಳಿಗೆ ಆಗ ಹತ್ತೊಂಬತ್ತು. ಎರಡು ಚಿತ್ರ ಒಟ್ಟೊಟ್ಟಿಗೆ ಓಡುತ್ತಿದ್ದವು, ಮೂರನೆಯದಕ್ಕೆ ಮಾತುಕತೆ ಮುಗಿದಿತ್ತು. ಕ್ಯಾಮೆರಾದ ಪಕ್ಕ ಫೋಕಸ್ ಹಿಡಿಯುವ ಒಬ್ಬನಿದ್ದ. ಅವನ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ವಿಷಯ ಕಿವಿಗೆ ಬಿದ್ದ ದಿನವೇ ಮಸುಕಾದವನು ಮತ್ತೆ ಯಾರ ಕಣ್ಣಿಗೂ ಸ್ಪಷ್ಟವಾಗಿ ಕಾಣಲಿಲ್ಲ. ಅವಳ ತಾಯಿಯನ್ನು ಸ್ಟುಡಿಯೋದವರು ಕಾವಲಮ್ಮ ಎಂದು ಕರೆಯುತ್ತಿದ್ದರು. ಮಗಳು ಸೆಟ್ಟಿನಲ್ಲಿದ್ದಷ್ಟು ಹೊತ್ತೂ ಮಡಚುವ ಕುರ್ಚಿಯಲ್ಲಿ ಕೂತು, ಯಾರು ಅವಳ ಹತ್ತಿರ ಸುಳಿದರು, ಎಷ್ಟು ಹೊತ್ತು ಮಾತಾಡಿದರು ಎಂದು ಕಣ್ಣಲ್ಲೇ ಅಳೆಯುವ ಹೆಂಗಸು. ಅಷ್ಟು ಕಾವಲಿದ್ದೂ ಹೀಗಾಯಿತಲ್ಲ ಎಂದು ಆಕೆ ತಲೆ ಚಚ್ಚಿಕೊಳ್ಳಲಿಲ್ಲ, ಮಗಳನ್ನು ಬೈಯಲೂ ಇಲ್ಲ. ಮಾರನೆಯ ದಿನ ಬಟ್ಟೆ ವಿಭಾಗದ ದರ್ಜಿಯ ಬಳಿ ಹೋಗಿ, ಬಸುರಿ ಪಾತ್ರಗಳಿಗೆ ಹೊಟ್ಟೆಗೆ ಕಟ್ಟುವ ಹತ್ತಿಯ ದಿಂಬು ಕೇಳಿ ತಂದಳು. ಗಣಿಯಲ್ಲಿ ಕೆಲಸಕ್ಕಿದ್ದ ಅಪ್ಪ ಆಗಷ್ಟೇ ರಜೆಗೆ ಬಂದು ಹೋಗಿದ್ದ, ಅದೊಂದು ಅನುಕೂಲ. ದಿಂಬನ್ನು ತಾಯಿ ಕಟ್ಟಿಕೊಂಡಳು. ಬಸುರಿ ತಾಯಿಯ ಆರೈಕೆಗೆಂದು ನಟಿ ಮಗಳು ಕೆಲಸಕ್ಕೆ ಬಿಡುವು ಕೊಟ್ಟಿದ್ದಾಳೆ ಎಂದು ಪತ್ರಿಕೆಯಲ್ಲಿ ಬಂತು. ಓದಿದವರು ಮಗಳೆಂದರೆ ಹೀಗಿರಬೇಕು ಎಂದರು.

ದೂರದ ಊರಿನ ಬಾಡಿಗೆ ಮನೆಯಲ್ಲಿ, ಕಿಟಕಿಗೆ ಕಂಬಳಿ ಕಟ್ಟಿದ ಕೋಣೆಯಲ್ಲಿ, ದಿನ ತುಂಬುವ ಮೊದಲೇ ಮಗು ಹುಟ್ಟಿತು. ಬೊಗಸೆಯಲ್ಲಿ ಹಿಡಿಯುವಷ್ಟಿತ್ತು. ಅದೇ ಹೆಸರಾಯಿತು.

ತಾಯಿ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಮಂಚದ ಪಕ್ಕ ನಿಂತು, ಒಂದೇ ಮಾತು ಕೇಳಿದಳು. ನಾನು ಕಣ್ಣು ಮುಚ್ಚೋವರೆಗೂ ನೀನು ಬಾಯಿ ಬಿಡಬಾರದು, ಯಾರ ಹತ್ತಿರಾನೂ, ಇವಳ ಹತ್ತಿರಾನೂ. ಅವಳು ಹೂಂ ಅಂದಳು. ಹೂಂ ಅನ್ನದಿದ್ದರೆ ಮಗು ಯಾರದೋ ಮನೆಗೆ ಹೋಗುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಕಣ್ಣ ಮುಂದೆ ಇರುತ್ತದಲ್ಲ, ಅಷ್ಟು ಸಾಕು ಎಂದುಕೊಂಡಳು. ಹತ್ತೊಂಬತ್ತರ ಹುಡುಗಿಗೆ ಕಣ್ಣ ಮುಂದೆ ಇರುವುದೇ ಎಲ್ಲಕ್ಕಿಂತ ಕಷ್ಟ ಎಂದು ಹೇಗೆ ಗೊತ್ತಾಗಬೇಕು?

ಕೆಲಸಕ್ಕೆ ಮರಳಿದ ಮೊದಲ ವಾರ ಹಾಡಿನ ಚಿತ್ರೀಕರಣ. ಕಾಗದದ ಹೂವಿನ ತೋಟದಲ್ಲಿ ನಗುತ್ತ ಓಡುವಾಗ ಎದೆ ಹಾಲು ಸೋರಿ ಉಡುಪು ಒದ್ದೆಯಾಯಿತು. ಬಟ್ಟೆಯವಳು ಅದನ್ನು ಬೆವರು ಎಂದುಕೊಂಡು ಫ್ಯಾನು ಇವಳ ಕಡೆ ತಿರುಗಿಸಿದಳು. ಮನೆಯಲ್ಲಿ ಮಗು ಅತ್ತರೆ ತಾಯಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಈ ಕಡೆಯ ಕೋಣೆಯಲ್ಲಿ ಇವಳು ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿರುತ್ತಿದ್ದಳು. ಎತ್ತಿಕೊಂಡರೆ ಇಳಿಸಲು ಆಗುವುದಿಲ್ಲ, ಇಳಿಸದಿದ್ದರೆ ನೋಡಿದವರಿಗೆ ತಿಳಿಯುತ್ತದೆ ಎಂಬ ಭಯಕ್ಕೆ ಅವಳು ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಳು. ಪತ್ರಿಕೆಯವರು ಮನೆಗೆ ಬಂದಾಗ ಫೋಟೋಗೆಂದು ಎತ್ತಿಕೊಟ್ಟರೆ ಮಗು ಮೈ ಬಿಗಿದು ಅಮ್ಮಾ ಎಂದು ತಾಯಿಯ ಕಡೆ ವಾಲುತ್ತಿತ್ತು. ಅಕ್ಕನಿಗೆ ಮಕ್ಕಳನ್ನ ಎತ್ತಿ ಅಭ್ಯಾಸ ಇಲ್ಲ ಎಂದು ತಾಯಿ ನಗುತ್ತಿದ್ದಳು, ಫೋಟೋದವನೂ ನಗುತ್ತಿದ್ದ.

ಹೇಳಬೇಕಾದ ದಿನ ಬಂದೇ ಬರುತ್ತದೆ ಎಂದು ಅವಳು ನಂಬಿದ್ದಳು. ಅದಕ್ಕೆ ತಯಾರಿಯನ್ನೂ ನಡೆಸಿದಳು. ಅವಳಿಗೆ ಗೊತ್ತಿದ್ದ ತಯಾರಿ ಒಂದೇ, ಮಾತನ್ನು ಮೊದಲೇ ಕಲಿತಿಟ್ಟುಕೊಳ್ಳುವುದು. ಕಾರಿನಲ್ಲಿ ಹೋಗುವಾಗ, ಮೇಕಪ್ಪಿನ ಕನ್ನಡಿಯ ಮುಂದೆ ಕಣ್ಣು ಮುಚ್ಚಿ ಕೂತಾಗ, ಒಂದೊಂದೇ ವಾಕ್ಯ ಮನಸ್ಸಿನಲ್ಲಿ ಹೇಳಿ ನೋಡುತ್ತಿದ್ದಳು. ಉದ್ದವಾಯಿತು ಎನ್ನಿಸಿದರೆ ಕತ್ತರಿಸುತ್ತಿದ್ದಳು. ಇದು ಸಿನಿಮಾದ ಹಾಗಾಯಿತು ಎನ್ನಿಸಿದರೆ ಆ ವಾಕ್ಯವನ್ನೇ ತೆಗೆದುಹಾಕುತ್ತಿದ್ದಳು. ವರ್ಷಗಳು ಹೋದ ಹಾಗೆ ಆ ಮಾತು ಸವೆದು ಸವೆದು ಚಿಕ್ಕದಾಗಿ, ನಾಲ್ಕಾರು ವಾಕ್ಯಕ್ಕೆ ಬಂದು ನಿಂತಿತು. ಇದಕ್ಕಿಂತ ನಿಜವಾಗಿ ಹೇಳಲು ಇನ್ನೇನೂ ಉಳಿದಿಲ್ಲ ಎಂದು ಅವಳಿಗೇ ಅನ್ನಿಸಿತ್ತು. ಅಷ್ಟು ಜೋಪಾನವಾಗಿ ಅವಳು ತನ್ನ ಒಡವೆಯನ್ನೂ ಇಟ್ಟುಕೊಂಡವಳಲ್ಲ.

ಈ ನಡುವೆ ಸಿನಿಮಾದವರು ಅವಳಿಗೆ ವಯಸ್ಸಾಯಿತು ಎಂದು ತೀರ್ಮಾನಿಸಿದರು. ಮೂವತ್ತೈದು ದಾಟಿದ್ದಳು, ಅದೇ ತಪ್ಪು. ಹೋದ ವರ್ಷ ಯಾರ ಜೊತೆ ಮರ ಸುತ್ತಿದ್ದಳೋ ಅವನಿಗೇ ಈ ವರ್ಷ ತಾಯಿ. ಅವಳ ಕೂದಲಿಗೆ ಬಿಳಿ ಪುಡಿ, ಅವನ ಕೂದಲಿಗೆ ಕಪ್ಪು ಬಣ್ಣ, ಇಬ್ಬರಿಗೂ ಹಚ್ಚುವವನು ಒಬ್ಬನೇ. ಅವಳು ಜಗಳ ಆಡಲಿಲ್ಲ. ತಾಯಿ ಪಾತ್ರ ಎಂದಾಗ ಒಳಗೊಳಗೇ ಸಮಾಧಾನವಾಯಿತು ಎಂದರೂ ಸುಳ್ಳಲ್ಲ. ಪರದೆಯ ಮೇಲಾದರೂ ಯಾರೋ ಅಮ್ಮಾ ಎನ್ನುತ್ತಾರಲ್ಲ.

ಹಾಗೆ ಬಂದ ಚಿತ್ರಗಳಲ್ಲಿ ಅದೂ ಒಂದು. ಒಂದು ದೊಡ್ಡ ಮನೆಯಲ್ಲಿ ಕೆಲಸದವಳಾಗಿರುವ ಹೆಂಗಸು, ಆ ಮನೆಯಲ್ಲಿ ಬೆಳೆದ ಹುಡುಗಿಗೆ ನಾನೇ ನಿನ್ನ ತಾಯಿ ಎಂದು ಹೇಳುವ ದೃಶ್ಯ. ಸಂಭಾಷಣೆ ಬರೆಯುವ ಮೇಷ್ಟ್ರು ಮೂರು ಹಾಳೆ ತುಂಬಿಸಿದ್ದರು. ಅದರಲ್ಲಿ ಭೂಮಿ ಇತ್ತು, ಆಕಾಶ ಇತ್ತು, ಕಡಲು ಎರಡು ಸಲ ಬಂದಿತ್ತು. ಹಿಂದಿನ ದಿನ ಬೊಗಸೆ ಓದಿ ಹೇಳಿದ್ದಳು, ಇವಳು ಕಲಿತೂ ಇದ್ದಳು. ಆದರೆ ಸೆಟ್ಟಿನಲ್ಲಿ ಲೈಟು ಹತ್ತಿ, ಎದುರಿಗೆ ಆ ಹುಡುಗಿಯ ಪಾತ್ರದವಳು ನಿಂತಾಗ, ಇವಳ ಬಾಯಿಂದ ಕಡಲೂ ಹೊರಡಲಿಲ್ಲ, ಆಕಾಶವೂ ಹೊರಡಲಿಲ್ಲ. ಒಂದೇ ಟೇಕಮ್ಮ ಕಂಬದ ಹಾಗೆ ನಿಂತುಬಿಟ್ಟಳು. ಮೇಷ್ಟ್ರು ಮುಖ ಊದಿಸಿಕೊಂಡರು. ನಿರ್ದೇಶಕ ಹತ್ತಿರ ಬಂದು, ಹಾಳೆ ಬಿಡಿ, ನಿಮಗೆ ತೋಚಿದ ಹಾಗೆ ಹೇಳಿ, ಒಬ್ಬ ತಾಯಿ ಏನು ಹೇಳಬಹುದೋ ಅದನ್ನೇ ಹೇಳಿ ಎಂದ.

ಹದಿನೆಂಟು ದಾಟಿದ ಬೊಗಸೆ ಎಂದಿನಂತೆ ಕ್ಯಾಮೆರಾದ ಆಚೆ ಸ್ಟೂಲಿನ ಮೇಲೆ ಹಾಳೆ ಹಿಡಿದು ಕೂತಿದ್ದಳು. ಅವಳ ಪಕ್ಕ ಮಡಚುವ ಕುರ್ಚಿಯಲ್ಲಿ ತಾಯಿ.

ಕ್ಯಾಮೆರಾ ಓಡಿತು. ಅವಳು ಎದುರಿನ ಹುಡುಗಿಯ ಮುಖ ನೋಡಿದಳು, ಆ ಮುಖದ ಹಿಂದೆ ಲೈಟಿನ ಆಚೆಯ ಕತ್ತಲಲ್ಲಿ ಬೊಗಸೆ ಕೂತಿದ್ದ ಜಾಗ ನೋಡಿದಳು, ಮತ್ತು ಹೇಳಿದಳು.

“ನಿನ್ನನ್ನ ಹೆತ್ತವಳು ನಾನು. ನೀನು ಅಳ್ತಿದ್ದಾಗ ಪಕ್ಕದ ಕೋಣೇಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದವಳು ನಾನು. ಎತ್ತಿಕೊಂಡ್ರೆ ಎಲ್ಲಿ ಗೊತ್ತಾಗಿಬಿಡುತ್ತೋ ಅಂತ ಎತ್ತಿಕೊಳ್ಳಲಿಲ್ಲ. ನಿನ್ನ ಎತ್ತಿಕೊಳ್ಳದೇ ಇದ್ದ ಕೈ ಇದು, ನೋಡು. ಇನ್ನೂ ಖಾಲಿ ಇದೆ.”

ಎದುರಿನ ಹುಡುಗಿ ಜಾಣೆ. ಹಾಳೆಯಲ್ಲಿಲ್ಲದಿದ್ದರೂ ತಾನಾಗಿ ಕೇಳಿದಳು, ಹಾಗಾದ್ರೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು. ಇವಳು ಅದಕ್ಕೂ ಉತ್ತರ ಇಟ್ಟುಕೊಂಡಿದ್ದಳು. “ಹೆದರಿಕೆ. ನಿನ್ನ ಮೇಲಿನ ಪ್ರೀತಿಗಿಂತ ನನ್ನ ಹೆದರಿಕೆನೇ ದೊಡ್ಡದಾಗಿತ್ತು.” ಹುಡುಗಿ ಅಮ್ಮಾ ಎಂದು ಅವಳ ಕೊರಳಿಗೆ ಬಿದ್ದಳು. ನಿರ್ದೇಶಕನಿಗೆ ಕಟ್ ಹೇಳುವುದೇ ಮರೆತುಹೋಯಿತು. ಮೇಲೆ ಹಲಗೆಯ ಮೇಲಿದ್ದ ಲೈಟಿನವರು ಮೂಗು ಎಳೆದುಕೊಳ್ಳುವ ಸದ್ದು ಧ್ವನಿಮುದ್ರಣದಲ್ಲೂ ದಾಖಲಾಯಿತು. ಮೇಷ್ಟ್ರು ಹತ್ತಿರ ಬಂದು, ನಾನು ಬರೆಯಬೇಕೆಂದಿದ್ದದ್ದೂ ಇದನ್ನೇ ಎಂದರು. ಅಂಥ ಗಳಿಗೆಯಲ್ಲೂ ಅವರು ಅವರೇ.

ಅವಳಿಗೆ ಮೈ ಹಗುರಾಗಿತ್ತು. ಮೈಮೇಲಿದ್ದ ದೊಡ್ಡ ಹೊರೆ ಇಳಿಸಿದವಳ ಹಾಗೆ ಕುರ್ಚಿಗೆ ಬಂದು ಕೂತಳು. ಬೊಗಸೆ ಅವಸರವಸರವಾಗಿ ಹಾಳೆಯ ಬೆನ್ನಿಗೆ ಏನೋ ಬರೆಯುತ್ತಿದ್ದಳು. ಮೂಗಿನ ಸದ್ದಿನಿಂದ ಧ್ವನಿ ಕೆಟ್ಟಿದೆ, ಮತ್ತೆ ಡಬ್ಬಿಂಗ್ ಆಗಬೇಕು, ಮಾತು ಮರೆತರೆ ತೆರೆಯ ಮೇಲಿನ ತುಟಿಗೆ ಕೂಡುವುದಿಲ್ಲ, ಅದಕ್ಕೇ ಬರೆದುಕೊಂಡೆ ಅಕ್ಕ ಎಂದಳು. ಎಷ್ಟು ಚೆನ್ನಾಗಿ ಕಟ್ಟಿದೆಯಲ್ಲ, ಎಲ್ಲಿಂದ ಹೊಳೀತು ನಿನಗೆ ಎಂದೂ ಕೇಳಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಆದರೆ ಅದು ಸಿನಿಮಾ ನೋಡಿ ಒದ್ದೆಯಾದ ಕಣ್ಣು.

ಮನೆಗೆ ಹೋಗುವಾಗ ಬೊಗಸೆ ಡ್ರೈವರಿನ ಪಕ್ಕ ಕೂತು ಆ ಮಾತುಗಳನ್ನೇ ಗುನುಗಿಕೊಂಡು ಬಾಯಿಪಾಠ ಮಾಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ತಾಯಿ ಹತ್ತಿರ ಸರಿದು, ಮಗಳ ಕಿವಿಗಷ್ಟೇ ಕೇಳುವ ಹಾಗೆ ಹೇಳಿದಳು.

“ಅಲ್ಲೇ ಎಲ್ಲಾ ಖಾಲಿ ಮಾಡಿಬಿಟ್ಟೆಯಲ್ಲೇ. ಇನ್ನು ಇವಳಿಗೆ ಏನು ಅಂತ ಹೇಳ್ತೀಯ?”

ಬೈಗುಳ ಆಗಿದ್ದರೆ ಮರೆಯಬಹುದಿತ್ತು. ತಾಯಿಯ ದನಿಯಲ್ಲಿ ಮರುಕ ಇತ್ತು.

ಆ ವಾರವೆಲ್ಲ ಮನೆಯಲ್ಲಿ ಡಬ್ಬಿಂಗಿಗೆ ತಯಾರಿ. ಬೊಗಸೆ ಎದುರು ಕೂತು ಹುಡುಗಿಯ ಮಾತು ಹೇಳಬೇಕು, ಇವಳು ಉತ್ತರ ಕೊಡಬೇಕು. ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಬೊಗಸೆ ಉಗುರು ನೋಡಿಕೊಳ್ಳುತ್ತ ಕೇಳುತ್ತಿದ್ದಳು. ಇವಳು ಹೇಳುತ್ತಿದ್ದಳು. ಆಮೇಲೆ ಬೊಗಸೆ, ‘ಅಮ್ಮಾ, ಅಪ್ಪಿಕೊಳ್ತಾಳೆ, ಮುಗೀತು’ ಎಂದು ಒಂದೇ ಉಸಿರಿಗೆ ಓದಿ ಹಾಳೆ ಮಡಚುತ್ತಿದ್ದಳು. ಮೊದಲ ಸಲ ಆ ಪದ ಬಂದಾಗ ಇವಳು ಬೊಗಸೆಯ ಮುಖವನ್ನೇ ನೋಡಿದಳು. ಬೊಗಸೆ ತಲೆ ಎತ್ತಿ ನೋಡಲಿಲ್ಲ.

ಚಿತ್ರ ಬಂತು, ಜನ ಹುಚ್ಚೆದ್ದು ನೋಡಿದರು. ಆ ಮಾತು ಊರವರ ಬಾಯಿಗೆಲ್ಲ ಬಿತ್ತು. ಗ್ರಾಮಫೋನಿಗೆ ಹಾಕಿ ಕೇಳಲು ಸಂಭಾಷಣೆಯ ತಟ್ಟೆ ಬಂತು. ಹಾಸ್ಯಗಾರರು, “ಪಾತ್ರೆ ತೊಳೆಯದೇ ಇದ್ದ ಕೈ ಇದು, ನೋಡು” ಎಂದು ವೇದಿಕೆ ಮೇಲೆ ಅತ್ತು ನಗಿಸಿದರು. ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ರೇಗಿಸಲು ಅದನ್ನು ಬಳಸಿದರು. ಅವಳು ಎಲ್ಲಿಗೆ ಹೋದರೂ, ಅಂಗಡಿ ಉದ್ಘಾಟನೆಗೆ ಹೋದರೂ, ಆ ಡೈಲಾಗ್ ಹೇಳಿ ಮೇಡಂ ಎನ್ನುವವರು. ಇಲ್ಲ ಎಂದರೆ ಕೊಬ್ಬು ಎನ್ನುತ್ತಾರೆ. ಹೇಳುತ್ತಿದ್ದಳು. ಮೈಕಿನ ಪಕ್ಕ ನಿಂತು ಹುಡುಗಿಯ ಭಾಗ ಹೇಳುತ್ತಿದ್ದವಳು ಬೊಗಸೆ. ವರ್ಷಗಟ್ಟಲೆ ಹೇಳಿ ಹೇಳಿ ಬೊಗಸೆಗೂ ಅಭಿನಯ ಬಂದುಬಿಟ್ಟಿತು. ಆ ಅಮ್ಮಾ ಎನ್ನುವ ಪದವನ್ನು ಅವಳು ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ ಸಭೆ ಚಪ್ಪಾಳೆ ಹೊಡೆಯುತ್ತಿತ್ತು. ವೇದಿಕೆ ಇಳಿದ ಕೂಡಲೇ, ಅಕ್ಕ, ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಹುಡುಕಲು ಹೊರಡುತ್ತಿದ್ದಳು.

ತಾಯಿ ತೀರಿಕೊಂಡಾಗ ಬೊಗಸೆಗೆ ಮೂವತ್ತರ ಮೇಲೆ. ಮದುವೆ ಆಗಿರಲಿಲ್ಲ. ಅಕ್ಕನ ಕೆಲಸ, ಅಕ್ಕನ ಊಟ, ಅಕ್ಕನ ಡ್ರೈವರು ಎಂದು ಓಡಾಡುವುದರಲ್ಲೇ ವಯಸ್ಸು ಕಳೆದುಹೋಗಿತ್ತು. ಕೊಟ್ಟ ಮಾತು ಅಂದಿಗೆ ತೀರಿತು, ಇನ್ನು ಹೇಳಬಹುದಿತ್ತು. ಆದರೆ ಬೊಗಸೆ ಅವಳ ತೊಡೆಯ ಮೇಲೆ ತಲೆ ಇಟ್ಟು, ಇನ್ನು ನನಗೆ ಅಮ್ಮ ಅನ್ನೋಕೆ ಯಾರೂ ಇಲ್ಲ ಅಕ್ಕ ಎಂದು ಅತ್ತಳು. ತಾಯಿ ಸತ್ತ ದಿನವೇ ಆ ತಾಯಿಯನ್ನೂ ಅವಳಿಂದ ಹೇಗೆ ಕಿತ್ತುಕೊಳ್ಳುವುದು? ಒಂದು ತಿಂಗಳು ಹೋಗಲಿ ಎಂದುಕೊಂಡಳು. ಆ ಒಂದು ತಿಂಗಳು ಮುಗಿಯಲೇ ಇಲ್ಲ. ಬೊಗಸೆ ಸಿಟ್ಟಿನಲ್ಲಿದ್ದರೆ ಇವತ್ತು ಬೇಡ, ನಗುತ್ತಿದ್ದರೆ ಪಾಪ ಇವತ್ತು ಬೇಡ. ಹೇಡಿತನಕ್ಕೆ ನೆಪ ಸಿಗುವಷ್ಟು ಸುಲಭವಾಗಿ ಬೇರೆ ಯಾವುದಕ್ಕೂ ಸಿಗುವುದಿಲ್ಲ. ತಾಯಿ ಪಾತ್ರಗಳು ಅಜ್ಜಿ ಪಾತ್ರಗಳಾದವು, ಅಜ್ಜಿ ಗೋಡೆಯ ಮೇಲಿನ ಫೋಟೋ ಆಯಿತು. ಕಡೆಯ ಚಿತ್ರದಲ್ಲಿ ಅವಳಿಗೆ ಮಾತೇ ಇರಲಿಲ್ಲ, ಚೌಕಟ್ಟಿನೊಳಗೆ ನಗಬೇಕಿತ್ತು ಅಷ್ಟೆ. ಅದನ್ನೂ ಒಂದೇ ಟೇಕಿನಲ್ಲಿ ಮುಗಿಸಿದಳು.

ಆಮೇಲೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ಊಟ ಮಾಡಿದ್ದು, ಆಮೇಲೆ ಯಾವ ವರ್ಷ ಎಂಬುದು. ಮಧ್ಯಾಹ್ನ ಮಲಗಿ ಎದ್ದರೆ ಅವಳಿಗೆ ಮನೆ ಸೆಟ್ಟಿನ ಹಾಗೆ ಕಾಣುತ್ತಿತ್ತು. ಲೈಟು ಯಾಕೆ ಹಾಕಿಲ್ಲ ಎನ್ನುವಳು. ಯಾವುದೋ ಚಿತ್ರದ ಮಾತು ಶುರು ಮಾಡಿ, ಎದುರಿನ ಉತ್ತರ ಬಾರದಿದ್ದರೆ ಗಾಬರಿಯಾಗಿ ಕೈ ಹಿಸುಕಿಕೊಳ್ಳುವಳು. ಬಂದ ವೈದ್ಯ, ಎದುರು ಮಾತಾಡಬೇಡಿ, ಹಟ ಮಾಡಿ ಸರಿಪಡಿಸಬೇಡಿ, ಅವರ ಜೊತೆ ಸೇರಿಕೊಳ್ಳಿ, ಸಮಾಧಾನ ಆಗುತ್ತಾರೆ ಎಂದು ಬೊಗಸೆಗೆ ಹೇಳಿ ಹೋದ. ಬೊಗಸೆಗೆ ಇದು ಹೊಸ ವಿದ್ಯೆಯೇ? ಅರವತ್ತರ ಹತ್ತಿರ ಬಂದಿದ್ದ ಅವಳು, ಸೊಂಟ ಹಿಡಿದುಕೊಂಡು ಮಂಚದ ಪಕ್ಕ ಕೂತು, ಮತ್ತೆ ನಾಯಕ, ಖಳನಾಯಕ, ಮಾವ, ಪೊಲೀಸಿನವ, ಎಲ್ಲ ಆದಳು. ಯಾವ ಚಿತ್ರದ ಯಾವ ಮಾತು ಬಂದರೂ ಅವಳ ಬಳಿ ಉತ್ತರ ಇತ್ತು. ಮುಗಿದ ಮೇಲೆ, ಓಕೆ, ಒಂದೇ ಟೇಕ್ ಎಂದು ಬೆನ್ನು ತಟ್ಟುವಳು. ಅಕ್ಕ ಸಮಾಧಾನವಾಗಿ ಮಾತ್ರೆ ನುಂಗುವಳು.

ಮಂಜು ಸರಿದು ತಲೆ ತಿಳಿಯಾದ ಹೊತ್ತಿನಲ್ಲಿ ಅವಳಿಗೆ ಇದೆಲ್ಲ ಗೊತ್ತಾಗುತ್ತಿತ್ತು. ನಾಚಿಕೆಯಾಗುತ್ತಿತ್ತು. ಒಂದು ಬೆಳಿಗ್ಗೆ ವೈದ್ಯ ಹಜಾರದಲ್ಲಿ ನಿಂತು ದನಿ ತಗ್ಗಿಸಿ, ತಿಳಿಯಾಗಿರುವ ಹೊತ್ತು ಇನ್ನು ಕಡಿಮೆಯಾಗುತ್ತ ಹೋಗುತ್ತದೆ, ಆಮೇಲೆ ನಿಮ್ಮನ್ನೂ ಗುರುತು ಹಿಡಿಯಲಿಕ್ಕಿಲ್ಲ ಎಂದು ಬೊಗಸೆಗೆ ಹೇಳಿದ್ದು ಅವಳ ಕಿವಿಗೆ ಬಿತ್ತು. ಕಿವಿ ಮಾತ್ರ ಅವಳಿಗೆ ಎಂದೂ ಮೋಸ ಮಾಡಿದ್ದಲ್ಲ. ಹೆದರಿಕೆ ಎಂದರೆ ಏನೆಂದು ತನಗೆ ಗೊತ್ತು ಎಂದುಕೊಂಡಿದ್ದಳು, ಗೊತ್ತಿರಲಿಲ್ಲ ಎಂದು ಆಗ ತಿಳಿಯಿತು. ಹೇಳದೆ ಸಾಯುವುದು ಒಂದು. ಹೇಳಬೇಕಿತ್ತು ಎಂಬುದನ್ನೇ ಮರೆತು, ಇವಳು ಯಾರೋ ಎಂದು ಮಗಳ ಮುಖ ನೋಡುತ್ತ ಬದುಕಿರುವುದು ಇನ್ನೊಂದು. ಇವತ್ತೇ ಹೇಳಿಬಿಡಬೇಕು.

ಹೇಳುವುದಾದರೆ ಆ ಹಳೆಯ ಮಾತಿನಲ್ಲಿ ಹೇಳಬಾರದು ಎಂದು ಅವಳಿಗೆ ಗೊತ್ತಿತ್ತು. ಬೇರೆ ಮಾತು ಹುಡುಕಿದಳು. ಬೊಗಸೆ ಕಿಟಕಿಯ ಹತ್ತಿರ ಒಣಗಿದ ಬಟ್ಟೆ ಮಡಚುತ್ತಿದ್ದಳು. ಹೊರಗೆ ಬಿಸಿಲಿತ್ತು, ರಸ್ತೆಯಲ್ಲಿ ಯಾರೋ ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು. ಇದು ಸೆಟ್ಟಲ್ಲ, ನನ್ನ ಮನೆ, ನನ್ನ ಕೋಣೆ ಎಂದು ಮನಸ್ಸಿನಲ್ಲಿ ಹೇಳಿಕೊಂಡಳು. ಹತ್ತಿರ ಬಾ ಎಂದು ಕರೆದಳು. ನೀನು ಹುಟ್ಟಿದ ದಿನ ಕಿಟಕಿಗೆ ಕಂಬಳಿ ಕಟ್ಟಿದ್ದರು, ನೀನು ಬೊಗಸೆಯಷ್ಟೇ ಇದ್ದೆ ಎಂದು ಶುರು ಮಾಡಿದಳು.

ಗೊತ್ತು ಅಕ್ಕ, ಅಮ್ಮ ಎಷ್ಟು ಸಲ ಹೇಳಿಲ್ಲ ಎಂದು ಬೊಗಸೆ ನಕ್ಕಳು. ನಿಜ. ಕಂಬಳಿ, ನೋವು, ಸೂಲಗಿತ್ತಿ ತಡವಾಗಿ ಬಂದದ್ದು, ಎಲ್ಲವನ್ನೂ ತಾಯಿ ತನ್ನದೆಂದು ನೂರು ಸಲ ಹೇಳಿ ಮುಗಿಸಿದ್ದಳು. ಆ ಬಾಗಿಲು ಮುಚ್ಚಿತು.

ಆ ನೋವು ಬಂದದ್ದು ಅಮ್ಮನಿಗಲ್ಲ, ನನಗೆ ಎಂದಳು. ಬೊಗಸೆ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟು ಅವಳ ಮುಖ ನೋಡಿದಳು. ನೋಡುತ್ತಿದ್ದ ಹಾಗೇ ಆ ಕಣ್ಣುಗಳಲ್ಲಿ ಪ್ರಶ್ನೆ ಹೋಗಿ ಮರುಕ ಬಂತು. ಬೊಗಸೆಗೆ ವೈದ್ಯ ಹೇಳಿದ್ದು ನೆನಪಾಯಿತು ಎಂದು ಇವಳಿಗೆ ಕಂಡಿತು. ಬೊಗಸೆ ಮಂಚದ ಅಂಚಿಗೆ ಬಂದು ಕೂತು, ಮಗುವಿಗೆ ಕೇಳುವ ಹಾಗೆ, ಇದು ಯಾವ ಪಿಕ್ಚರ್ ಅಕ್ಕ ಎಂದು ಕೇಳಿದಳು.

“ಪಿಕ್ಚರ್ ಅಲ್ಲ ಕಣೇ. ನಿಜ. ನನಗೆ ಈಗ ಎಲ್ಲಾ ನೆನಪಿದೆ. ನಿನ್ನನ್ನ...” ಇಷ್ಟು ಹೇಳಿ ಅವಳು ಬೇರೆ ಪದಕ್ಕಾಗಿ ತಡಕಾಡಿದಳು. ಇರಲಿಲ್ಲ. ಮನಸ್ಸಿನಲ್ಲಿ ಅಷ್ಟು ವರ್ಷ ತಿದ್ದಿ ತೀಡಿ ಇಟ್ಟದ್ದು ಒಂದೇ ಮಾತು, ಅದರ ಜಾಗಕ್ಕೆ ಬರುವಂಥ ಇನ್ನೊಂದು ಅವಳಲ್ಲಿ ಹುಟ್ಟಿರಲೇ ಇಲ್ಲ. “ನಿನ್ನನ್ನ ಹೆತ್ತವಳು ನಾನು.”

ಬೊಗಸೆಯ ಮುಖ ಅರಳಿತು. ಯಾವ ಚಿತ್ರ ಎಂದು ಗೊತ್ತಾದ ಸಮಾಧಾನ ಅದು. ಬೆನ್ನು ನೆಟ್ಟಗೆ ಮಾಡಿ ಕೂತು, ತನ್ನ ಸರದಿಗೆ ಕಾಯುವವಳ ಹಾಗೆ ಅಕ್ಕನ ತುಟಿ ನೋಡತೊಡಗಿದಳು.

ನಿಲ್ಲಿಸಬೇಕಿತ್ತು. ನಿಲ್ಲಿಸಲು ಆಗಲಿಲ್ಲ. ಪಕ್ಕದ ಕೋಣೆ, ಬಾಯಿಗೆ ಒತ್ತಿದ ಬಟ್ಟೆ, ಎತ್ತಿಕೊಳ್ಳದ ಕೈ, ಎಲ್ಲ ಒಂದರ ಹಿಂದೊಂದು ಬಂದವು. ಅಂದು ಸೆಟ್ಟಿನಲ್ಲಿ ಹೇಳಿದ್ದಕ್ಕಿಂತಲೂ ಕೆಟ್ಟದಾಗಿ ಹೇಳಿದಳು, ದನಿ ಒಡೆಯಿತು, ಮೂಗು ಸೋರಿತು, ಎರಡು ಪದ ಹಿಂದುಮುಂದಾದವು. ನಿಜವಾಗಿ ಹೇಳುವವರು ಹಾಗೇ ಹೇಳುವುದು. ಕೈ ಎರಡನ್ನೂ ಮುಂದೆ ಚಾಚಿದಳು. ಬೊಗಸೆ ಮೆಲ್ಲನೆ, ಹಿಂದುಮುಂದಾದ ಪದವನ್ನು ಸರಿಪಡಿಸಿ ಹೇಳಿಕೊಟ್ಟಳು.

ಆಮೇಲೆ ಕೇಳಿದಳು, “ಹಾಗಾದ್ರೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?”

ಇದು ಸುಳ್ಳಲ್ಲ ಬೊಗಸೆ, ನನ್ನನ್ನ ನಂಬು ಕಣೇ ಎಂದು ಇವಳು ಬೊಗಸೆಯ ಕೈ ಹಿಡಿದು ಅಲುಗಿಸಿದಳು. ಗಾಬರಿ ಹೆಚ್ಚಾಯಿತೆಂದು ಬೊಗಸೆ ಕೈ ಸವರಿದಳು. ಹೂಂ ಅಕ್ಕ, ಸುಳ್ಳಲ್ಲ, ಎಲ್ಲ ನಿಜ ಎಂದಳು. ಮುಂದಿನ ಮಾತು ಸಿಗದೆ ಅಕ್ಕ ಒದ್ದಾಡುತ್ತಿದ್ದಾಳೆ ಎಂದುಕೊಂಡು, ಪಿಸುಮಾತಿನಲ್ಲಿ, “ಹೆದರಿಕೆ...” ಎಂದು ಎತ್ತಿಕೊಟ್ಟಳು.

“ಹೆದರಿಕೆ,” ಎಂದಳು ಅವಳು. “ನಿನ್ನ ಮೇಲಿನ ಪ್ರೀತಿಗಿಂತ ನನ್ನ ಹೆದರಿಕೆನೇ ದೊಡ್ಡದಾಗಿತ್ತು.”

“ಅಮ್ಮಾ.”

ಬೊಗಸೆ ಮುಂದಕ್ಕೆ ಬಾಗಿ ಅವಳ ಕೊರಳನ್ನು ಅಪ್ಪಿಕೊಂಡಳು. ಬಹಳ ಚೆನ್ನಾಗಿ ಹೇಳಿದ್ದಳು. ಅವಳ ಕೆನ್ನೆ ಇವಳ ಕೆನ್ನೆಗೆ ತಾಗಿ ಬೆಚ್ಚಗಿತ್ತು, ನರೆಗೂದಲಿನಲ್ಲಿ ಸೋಪಿನ ವಾಸನೆ ಇತ್ತು. ಇವಳ ಖಾಲಿ ಕೈಗಳು ಆ ಬೆನ್ನಿನ ಮೇಲೆ ಹೋಗಿ ಕೂತವು. ಇಷ್ಟು ವರ್ಷದ ಮೇಲೆ ಕೊನೆಗೂ ಹೇಳಿಯಾಗಿತ್ತು. ಅದರಿಂದ ಏನೂ ಬದಲಾಗಿರಲಿಲ್ಲ.

“ಓಕೆ. ಒಂದೇ ಟೇಕ್,” ಎಂದು ಬೊಗಸೆ ಬೆನ್ನು ತಟ್ಟಿ, ಅಪ್ಪುಗೆ ಬಿಡಿಸಿಕೊಂಡು ಎದ್ದಳು. ಮಾತ್ರೆಯ ಡಬ್ಬಿ ತೆಗೆದಳು, ಲೋಟಕ್ಕೆ ನೀರು ಬಗ್ಗಿಸಿದಳು. ಇವತ್ತು ಎಷ್ಟು ಚೆನ್ನಾಗಿ ಹೇಳಿದೆ ಅಕ್ಕ, ಎಲ್ಲಾ ನೆನಪಿದೆಯಲ್ಲ ನಿನಗೆ, ಆ ಡಾಕ್ಟರಿಗೇನು ಗೊತ್ತು ಎಂದು ಖುಷಿಯಿಂದ ಹೇಳುತ್ತ ಮಾತ್ರೆಯನ್ನು ಅವಳ ಅಂಗೈಗೆ ಹಾಕಿದಳು.

ಅವಳು ಅಂಗೈ ನೋಡಿಕೊಂಡಳು. ಇನ್ನೂ ಒಂದು ಸಲ ಪ್ರಯತ್ನಿಸಬಹುದಿತ್ತು, ಕೂಗಬಹುದಿತ್ತು, ಅತ್ತು ಆಣೆ ಇಡಬಹುದಿತ್ತು. ಅದೆಲ್ಲವನ್ನೂ ಯಾವುದಾದರೊಂದು ಚಿತ್ರದಲ್ಲಿ ಮಾಡಿಯೇ ಇದ್ದಳು, ಅದಕ್ಕೆಲ್ಲ ಬೊಗಸೆಯ ಬಳಿ ಉತ್ತರ ಇತ್ತು. ಬೆಳಕು ಕಿಟಕಿಯಿಂದ ಸರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ತಲೆಯೊಳಗೂ ಹಾಗೇ ಆಗುತ್ತದೆ ಎಂದು ಅವಳಿಗೆ ತಿಳಿಯುತ್ತಿತ್ತು. ಮಾತ್ರೆಯನ್ನು ನುಂಗದೆ ಪಕ್ಕಕ್ಕಿಟ್ಟು, ಜೀವಮಾನದಲ್ಲಿ ಯಾರ ಹತ್ತಿರವೂ ಕೇಳದೇ ಇದ್ದದ್ದನ್ನು ಕೇಳಿದಳು.

“ಇನ್ನೊಂದು ಟೇಕ್ ಹೋಗೋಣ.”

ಬೊಗಸೆ ಲೋಟ ಹಿಡಿದುಕೊಂಡೇ ನಿಂತಳು. ಅಕ್ಕ ಎಂದಾದರೂ ಇದನ್ನು ಕೇಳಿದ್ದು ಅವಳಿಗೂ ನೆನಪಿರಲಿಲ್ಲ. ಆಮೇಲೆ ಲೋಟ ಕೆಳಗಿಟ್ಟು, ಸೊಂಟ ಹಿಡಿದುಕೊಂಡು ಮತ್ತೆ ಮಂಚದ ಅಂಚಿನಲ್ಲಿ ಕೂತು, ಸರಿ, ಎಲ್ಲಿಂದ ಶುರು ಮಾಡೋಣ ಎಂದು ಕೇಳಿದಳು.

“ನಂದೇನೂ ಬೇಡ,” ಎಂದಳು ಅವಳು. “ನಿಂದು ಕೊನೇ ಮಾತು ಇದೆಯಲ್ಲ, ಅದೊಂದನ್ನೇ ಹೇಳು.”